‘ಏನೂ ಆಗಿಲ್ಲ ಬುಡಣ್ಣ’: ತಲೆಗೆ ಏಟು ಬಿದ್ದಾಗ ಜೊತೆಯಲ್ಲಿರುವವರು ಮಾಡಬೇಕಾದ್ದು

ಎರಡು ವರ್ಷದ ಹಿಂದಿನ ಮಾತು. ಕಬ್ಬು ಕಟಾವಿನ ಕಾಲ. ನನ್ನ ತಮ್ಮ ಮಂಡ್ಯದಿಂದ ಊರಿಗೆ ಬೈಕಿನಲ್ಲಿ ಬರುತ್ತಿದ್ದ. 2023ರ ಆಗಸ್ಟ್‌ನಿಂದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ. ಹಾಗಾಗಿ ನಾವೆಲ್ಲ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಓಡಾಡುವುದು. ಅಲ್ಲಿ ಯಾವುದೋ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಜಲ್ಲೆಗಳು ಬಿದ್ದಿದ್ದವು. ಚಕ್ರ ಅದರ ಮೇಲೆ ಹತ್ತಿ ಜಾರಿತು. ಹೆಲ್ಮೆಟ್ ಇತ್ತು, ಆದರೆ ಪಟ್ಟಿ ಕಟ್ಟಿರಲಿಲ್ಲ. ಬೀಳುವಾಗಲೇ ಹಾರಿಹೋಯಿತು. ಎದ್ದ, ಪ್ಯಾಂಟ್ ಕೊಡವಿಕೊಂಡ, ಗಾಡಿ ಸ್ಟಾರ್ಟ್ ಮಾಡಿಕೊಂಡು ಮನೆಗೆ ಬಂದ. ದಾರಿಯಲ್ಲಿ ಒಂದು ಕ್ಲಿನಿಕ್‌ಗೂ ಹೋಗಿದ್ದ. ಅಲ್ಲಿ ತರಚಿದ ಮೊಣಕೈಗೆ ಡ್ರೆಸ್ಸಿಂಗ್ ಮಾಡಿ, ಟಿ.ಟಿ. ಚುಚ್ಚಿ ಕಳಿಸಿದ್ದರು. ತಲೆಯ ಬಗ್ಗೆ ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ, "ಏನೂ ಆಗಿಲ್ಲ ಬುಡಣ್ಣ" ಅಂದ. ನಾನೂ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಕೇಳಿದ, "ಗಾಡಿ ಎಲ್ಲಣ್ಣ?" ಎದುರಿಗೇ ನಿಂತಿತ್ತು, ತೋರಿಸಿದೆ. ಎರಡು ನಿಮಿಷ ಆಗಿಲ್ಲ, ಮತ್ತೆ "ಗಾಡಿ ಎಲ್ಲಣ್ಣ?" ಅವ್ವ ನಗುತ್ತಾ, "ಯಾಕ್ಲಾ, ಎಷ್ಟ್ ಸತಿ ಕೇಳೀಯೆ?" ಅಂದಳು. ಆಮೇಲೆ ಅವನೇ ತಂದಿದ್ದ ಸಾಮಾನಿನ ಚೀಲ ನೋಡಿ, "ಇದನ್ನ ಯಾರ್ ತಂದ್ರು?" ಅಂದ. ಅವ್ವನ ನಗು ಅಲ್ಲಿಗೇ ನಿಂತಿತು.

ಅವತ್ತು ನಮಗೆ ಗೊತ್ತಾಗಿದ್ದನ್ನು, ಆಮೇಲೆ ವೈದ್ಯರಿಂದ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಟು ತಿಂದವರಿಗಿಂತ ಅವರ ಪಕ್ಕದಲ್ಲಿರುವವರು ಇದನ್ನು ಓದಬೇಕು. ಏಟು ಬಿದ್ದಿರುವುದು ಮೆದುಳಿಗೆ. ‘ನನಗೇನಾಗಿದೆ’ ಅಂತ ಯೋಚನೆ ಮಾಡಬೇಕಾದದ್ದೂ ಅದೇ ಮೆದುಳು. ಅದಕ್ಕೇ ಅವರ "ಏನೂ ಆಗಿಲ್ಲ" ಅನ್ನುವ ಮಾತನ್ನು ಹಾಗೇ ನಂಬುವ ಹಾಗಿಲ್ಲ.

ಕನ್ಕಷನ್ ಅಂದರೆ ಏನು

ಹೊರಗೆ ಗಾಯ ಕಾಣದೆ ಒಳಗೆ ನೋಯುವ ಪೆಟ್ಟಿಗೆ ನಮ್ಮ ಕಡೆ ಮೂಗೇಟು ಅಂತಾರೆ. ಕನ್ಕಷನ್ ಅನ್ನುವುದು ಮೆದುಳಿಗೆ ಆದ ಮೂಗೇಟು ಅಂದುಕೊಳ್ಳಿ. ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರು ಬುರುಡೆಗಳನ್ನು ಲಾರಿಯಿಂದ ಕೆಳಕ್ಕೆ ಎಸೆಯುವುದನ್ನು ನೋಡಿರುತ್ತೀರಿ. ಬುರುಡೆ ಒಡೆಯುವುದಿಲ್ಲ, ಆದರೆ ಒಳಗಿನ ನೀರು, ಎಳೆಗಂಜಿ ಎಲ್ಲ ಒಮ್ಮೆ ಅಲುಗಾಡಿ ಹೋಗುತ್ತದೆ. ನಮ್ಮ ತಲೆಬುರುಡೆಯೊಳಗೂ ಹಾಗೇ. ನೀರಿನಂಥ ದ್ರವದ ಮಧ್ಯೆ ಮೆತ್ತಗಿನ ಮೆದುಳು ಕೂತಿದೆ. ಜೋರಾಗಿ ಏಟು ಬಿದ್ದಾಗ ಅದು ಒಳಗೇ ಕುಲುಕುತ್ತದೆ, ತಿರುಚಿಕೊಳ್ಳುತ್ತದೆ. ನರದ ಎಳೆಗಳು ಜಗ್ಗಿದಂತಾಗುತ್ತವೆ. ಅದನ್ನು ಸರಿಮಾಡಿಕೊಳ್ಳಲು ಮೆದುಳಿಗೆ ಜಾಸ್ತಿ ಶಕ್ತಿ ಬೇಕು, ಆದರೆ ಅದೇ ಹೊತ್ತಿನಲ್ಲಿ ರಕ್ತ ಬೇಕಾದಷ್ಟು ಹರಿಯುವುದಿಲ್ಲ. ತಲೆನೋವು, ಸುಸ್ತು, ಮಂಕು ಎಲ್ಲ ಬರುವುದು ಇದರಿಂದ. ತಲೆಗೇ ಏಟು ಬೀಳಬೇಕು ಅಂತಲೂ ಇಲ್ಲ. ಬಸ್ಸು ಗಕ್ಕನೆ ಬ್ರೇಕ್ ಹಾಕಿ ಕುತ್ತಿಗೆ ಮುಂದಕ್ಕೂ ಹಿಂದಕ್ಕೂ ಒಗೆದಂತಾದರೂ ಸಾಕು.

ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಅಂತ ನಾವು ಅಂದುಕೊಂಡಿದ್ದೇವೆ. ಹಾಗಲ್ಲ. ಕನ್ಕಷನ್ ಆದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ರಕ್ತದ ವಿಷಯವೂ ಹಾಗೇ. ಮೈಸೂರು ದಸರಾದ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು ಅಂತ ಲೆಕ್ಕ. ಏಟಿನ ಜೋರನ್ನು ರಕ್ತದಿಂದ ಅಳೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ನೆತ್ತಿಯ ಚರ್ಮ ಸ್ವಲ್ಪ ಸೀಳಿದರೂ ಧಾರಾಳವಾಗಿ ರಕ್ತ ಬರುತ್ತದೆ, ಒಳಗೆ ಏನೂ ಆಗದೇ ಇರಬಹುದು. ಒಂದು ಹನಿ ರಕ್ತ ಬರದೆಯೂ ಒಳಗೆ ದೊಡ್ಡ ಪೆಟ್ಟಾಗಿರಬಹುದು. "ರಕ್ತ ಹೊರಗೆ ಬಂತಲ್ಲ, ಒಳಗೆ ನಿಲ್ಲಲಿಲ್ಲ ಬಿಡಿ" ಅನ್ನುವ ಸಮಾಧಾನ ಹೇಳಬೇಡಿ.

ಮೊದಲ ಹೆಜ್ಜೆ: ಬಿದ್ದ ಜಾಗದಲ್ಲೇ

ರಸ್ತೆಯಲ್ಲಿ ಯಾರಾದರೂ ಬಿದ್ದರೆ ನಾಲ್ಕು ಜನ ಓಡಿಬರುತ್ತಾರೆ. ಒಬ್ಬರು ಕೈ ಹಿಡಿದು ಎಬ್ಬಿಸಿ ಕೂರಿಸುತ್ತಾರೆ, ಒಬ್ಬರು ಹೆಲ್ಮೆಟ್ ಕೀಳುತ್ತಾರೆ, ಒಬ್ಬರು ತಲೆ ಮೇಲೆ ನೀರು ಸುರಿಯುತ್ತಾರೆ, ಇನ್ನೊಬ್ಬರು ಬಾಯಿಗೆ ನೀರು ಹಿಡಿಯುತ್ತಾರೆ. ಎಲ್ಲರದ್ದೂ ಒಳ್ಳೆ ಮನಸ್ಸೇ. ಆದರೆ ಈ ನಾಲ್ಕನ್ನೂ ಮಾಡಬಾರದು.

ಎಬ್ಬಿಸಬೇಡಿ. ತಲೆಗೆ ಜೋರಾಗಿ ಏಟು ಬಿದ್ದಿದ್ದರೆ ಕುತ್ತಿಗೆಗೂ ಆಗಿರಬಹುದು. ಬಿದ್ದವರಿಗೆ ಪ್ರಜ್ಞೆ ಇಲ್ಲ ಅಂದರೆ, ಕುತ್ತಿಗೆಗೂ ಪೆಟ್ಟಾಗಿದೆ ಅಂತಲೇ ತಿಳಿಯಿರಿ. ಗಾಡಿಗಳು ಮೈಮೇಲೆ ಬರುವಂಥ ಅಪಾಯ ಇಲ್ಲದಿದ್ದರೆ ಇದ್ದಲ್ಲೇ ಮಲಗಿರಲಿ. ನೀವು ತಲೆಯ ಎರಡೂ ಪಕ್ಕ ಅಂಗೈ ಇಟ್ಟು ಅಲುಗಾಡದಂತೆ ಹಿಡಿದುಕೊಳ್ಳಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಜಾಗ ಹೇಳುವಾಗ ಹತ್ತಿರದ ಊರು, ಪೆಟ್ರೋಲ್ ಬಂಕ್, ಮೈಲಿಗಲ್ಲು ಏನಾದರೂ ಒಂದು ಗುರುತು ಹೇಳಿ. ಉಸಿರೇ ಇಲ್ಲ ಅಂದರೆ ಬೇರೆಲ್ಲ ಬಿಟ್ಟು ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ ಒತ್ತಲು ಶುರುಮಾಡಿ, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ಹೆಲ್ಮೆಟ್ ಕೀಳಬೇಡಿ. ಉಸಿರಾಟಕ್ಕೆ ಅಡ್ಡಿಯಾಗುತ್ತಿದ್ದರೆ ಮಾತ್ರ ತೆಗೆಯಬೇಕು. ಆಗಲೂ ಇಬ್ಬರು ಬೇಕು. ಒಬ್ಬರು ಕುತ್ತಿಗೆಯನ್ನು ಕೆಳಗಿನಿಂದ ಭದ್ರವಾಗಿ ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಎರಡೂ ಪಕ್ಕಕ್ಕೆ ಅಗಲಿಸಿ ನಿಧಾನವಾಗಿ ಎಳೆಯಬೇಕು. ಮುಖದ ಗಾಜು ಮಾತ್ರ ಮೇಲೆತ್ತಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಬಾಯಿಗೆ ಏನೂ ಹಾಕಬೇಡಿ. ಮಂಪರಿನಲ್ಲಿರುವವರಿಗೆ ನೀರು, ಸೋಡ, ಕಾಫಿ ಯಾವುದೂ ಬೇಡ. ಶ್ವಾಸಕ್ಕೆ ಹೋಗಿಬಿಟ್ಟರೆ ತೊಂದರೆ. ವಾಂತಿ ಮಾಡಿಕೊಂಡರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಇಡೀ ಮೈಯನ್ನು ಒಟ್ಟಿಗೆ ಒಂದು ಪಕ್ಕಕ್ಕೆ ತಿರುಗಿಸಿ.

ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಬಟ್ಟೆ ಎತ್ತಿ ನೋಡಬೇಡಿ. ಮೂಳೆ ಒಳಕ್ಕೆ ಹೋದಂತೆ, ಮೆತ್ತಗೆ ಕಂಡರೆ ಅಲ್ಲಿ ಒತ್ತಬಾರದು, ಸುಮ್ನೆ ಬಟ್ಟೆ ಮುಚ್ಚಿ ಸಾಕು. ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತುವುದು ಬೇಡ, ಆಮೇಲೆ ಗಾಯ ತೊಳೆದು ಹೊಲಿಗೆ ಹಾಕುವವರಿಗೆ ಅದೇ ದೊಡ್ಡ ಕೆಲಸ. ಬುಗುಟೆ ಎದ್ದಿದ್ದರೆ ಅಂಗೈಯಿಂದ ತಿಕ್ಕಿ ಕರಗಿಸಲು ಹೋಗಬೇಡಿ. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ.

ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಕಬ್ಬಿಣ ಕೊಟ್ಟು ಪ್ರಯೋಜನ ಇಲ್ಲ. ಹಲ್ಲಿನ ಮಧ್ಯೆ ಚಮಚ ತೂರಿಸುವುದೂ ತಪ್ಪು. ಸುತ್ತಲಿನ ಕಲ್ಲು, ಗಾಡಿ ದೂರ ಸರಿಸಿ, ಫಿಟ್ಸ್ ನಿಂತ ಮೇಲೆ ಪಕ್ಕಕ್ಕೆ ತಿರುಗಿಸಿ.

ಇನ್ನೊಂದು ಮಾತು. ಅಪರಿಚಿತರು ಬಿದ್ದಿದ್ದರೆ "ಪೊಲೀಸ್ ಕೇಸು, ನಮಗ್ಯಾಕೆ" ಅಂತ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಅನ್ನುವ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಬಲವಂತ ಮಾಡುವಂತೆಯೂ ಇಲ್ಲ.

ಎರಡನೇ ಹೆಜ್ಜೆ: ಇವು ಕಂಡರೆ ಒಂದು ನಿಮಿಷವೂ ಕಾಯಬೇಡಿ

ಕೆಳಗಿನವುಗಳಲ್ಲಿ ಒಂದೇ ಒಂದು ಕಂಡರೂ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಏಟು ಬಿದ್ದ ತಕ್ಷಣವೇ ಇರಬಹುದು, ಮಾರನೇ ದಿನವೂ ಇರಬಹುದು.

• ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದು, ಅಥವಾ ಎಬ್ಬಿಸಿದರೆ ಸರಿಯಾಗಿ ಏಳದಿರುವುದು
• ಹೊತ್ತು ಹೋದಂತೆ ಜಾಸ್ತಿಯಾಗುವ ತಲೆನೋವು
• ಎರಡು ಸಲ, ಅದಕ್ಕಿಂತ ಜಾಸ್ತಿ ವಾಂತಿ
• ಫಿಟ್ಸ್
• ಮಾತು ತೊದಲುವುದು, ಕೈಕಾಲು ಒಂದು ಪಕ್ಕ ಸೋಲುವುದು, ಜೋಮು ಹಿಡಿಯುವುದು
• ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಒಂದೇ ವಸ್ತು ಎರಡಾಗಿ ಕಾಣುವುದು
• ಮೂಗು, ಕಿವಿಯಿಂದ ರಕ್ತ ಅಥವಾ ನೀರಿನಂಥ ದ್ರವ ಸೋರುವುದು
• ಕಣ್ಣಿನ ಸುತ್ತ, ಕಿವಿಯ ಹಿಂದೆ ಕಪ್ಪು ನೀಲಿ ಕಟ್ಟುವುದು
• ಗೊಂದಲ ಜಾಸ್ತಿಯಾಗುತ್ತಾ ಹೋಗುವುದು, ಮನೆಯವರ ಗುರುತೇ ಸಿಗದಿರುವುದು, ಕಾರಣ ಇಲ್ಲದೆ ರೇಗಿ ಬೀಳುವುದು
• ಕುತ್ತಿಗೆಯಲ್ಲಿ ಜೋರು ನೋವು

ಎಳೆ ಮಕ್ಕಳಲ್ಲಿ ಇನ್ನೂ ಕೆಲವು ನೋಡಬೇಕು. ಹಾಲು ಕುಡಿಯಲು ಒಲ್ಲದಿರುವುದು, ಎತ್ತಿಕೊಂಡರೂ ಸಮಾಧಾನವಾಗದ ಅಳು, ನೆತ್ತಿಯ ಮೆತ್ತನೆ ಜಾಗ ಉಬ್ಬುವುದು.

ಈ ಗುರುತುಗಳು ಇಲ್ಲದಿದ್ದರೂ ಕೆಲವರನ್ನು ವೈದ್ಯರಿಗೆ ತೋರಿಸಲೇಬೇಕು. 65 ದಾಟಿದವರು. ಹೃದಯದ ತೊಂದರೆಗೆ ಅಂತ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು. ಕುಡಿದು ಬಿದ್ದವರು. ತೆಂಗಿನ ಮರ, ತಾರಸಿ, ಅಟ್ಟದಂಥ ಎತ್ತರದಿಂದ ಬಿದ್ದವರು. ಅದರಲ್ಲೂ ಕುಡಿದವರ ವಿಷಯ ಒತ್ತಿ ಹೇಳುತ್ತೇನೆ. "ನಶೆ ಇಳೀಲಿ, ಬೆಳಗ್ಗೆ ಸರಿಹೋಗ್ತಾನೆ" ಅಂತ ಮಲಗಿಸಿಬಿಡುತ್ತಾರೆ. ತೊದಲು ಮಾತು, ತೂರಾಟ, ಮಂಪರು ನಶೆಯಿಂದಲೂ ಬರುತ್ತದೆ, ಒಳಗೆ ರಕ್ತ ಸೋರಿದರೂ ಬರುತ್ತದೆ. ಯಾವುದು ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಯಾರಿಂದಲೂ ಆಗುವುದಿಲ್ಲ.

ಮೂರನೇ ಹೆಜ್ಜೆ: ಕೂರಿಸಿ ಮಾತಾಡಿಸಿ

ಎದ್ದು ಓಡಾಡುತ್ತಿದ್ದಾರೆ, ಮೇಲಿನ ಯಾವ ಗುರುತೂ ಇಲ್ಲ. ಆಗ ಮಾಡಬೇಕಾದ ಕೆಲಸ ಇದು. ಕನ್ಕಷನ್ ಮೈಯಲ್ಲಿ ಕಾಣುವುದಿಲ್ಲ, ಮಾತಿನಲ್ಲಿ ನಡತೆಯಲ್ಲಿ ಕಾಣುತ್ತದೆ.

"ಹುಷಾರಾಗಿದ್ದೀಯಾ?" ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಹೌದು, ಇಲ್ಲ ಅಂತ ಮುಗಿಸಲು ಆಗದಂಥ ಪ್ರಶ್ನೆ ಕೇಳಿ. ಇವತ್ತು ಯಾವ ವಾರ? ಬೆಳಗ್ಗೆ ಏನು ತಿಂದೆ? ಬೀಳೋದಕ್ಕೆ ಮುಂಚೆ ಎಲ್ಲಿಗೆ ಹೋಗ್ತಿದ್ದೆ? ಜೊತೆಯಲ್ಲಿ ಯಾರಿದ್ದರು? ಆಟದಲ್ಲಿ ಬಿದ್ದಿದ್ದರೆ, ಸ್ಕೋರ್ ಎಷ್ಟು, ಕೊನೇ ಓವರ್ ಯಾರು ಹಾಕಿದರು? ಆಮೇಲೆ ಶನಿವಾರದಿಂದ ಶುರುಮಾಡಿ ವಾರಗಳನ್ನು ಉಲ್ಟಾ ಹೇಳಿಸಿ. ಐದು ಪದ ಹೇಳಿಕೊಡಿ: ರಾಗಿ, ಕುಡುಗೋಲು, ಬಸ್ಸು, ಮಲ್ಲಿಗೆ, ಕೊಡ. ಐದು ಹತ್ತು ನಿಮಿಷ ಬೇರೆ ಮಾತಾಡಿ, ಮತ್ತೆ ಆ ಐದನ್ನೂ ಕೇಳಿ. ಒಂದರ ಮುಂದೆ ಒಂದು ಹೆಜ್ಜೆ ಇಟ್ಟು ನೇರ ಗೆರೆಯಲ್ಲಿ ನಡೆಸಿ.

ಉತ್ತರ ಸರಿಯೋ ತಪ್ಪೋ ಅನ್ನುವುದಷ್ಟೇ ಅಲ್ಲ, ಹೇಗೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ನನ್ನ ತಮ್ಮ ಎಂಟನೇ ಕ್ಲಾಸಿನಿಂದ ಅಂಗಡಿ ಲೆಕ್ಕ ಬಾಯಲ್ಲೇ ಹಾಕುವವನು. ಅವತ್ತು "ಗುರುವಾರ..." ಅಂದವನು ಗೋಡೆ ನೋಡುತ್ತಾ ಕೂತುಬಿಟ್ಟ. ಬುಧವಾರ ಅವನ ಬಾಯಿಗೆ ಬರಲೇ ಇಲ್ಲ. ಕಣ್ಣು ನಮ್ಮ ಕಡೆಗಿತ್ತು, ಆದರೆ ನೋಟ ಎಲ್ಲೋ ಇತ್ತು. ನಿಮ್ಮ ಮನೆಯವರ ಸಹಜ ಚುರುಕು ನಿಮಗೇ ಚೆನ್ನಾಗಿ ಗೊತ್ತಿರುವುದು. "ಇವನು ಇವನ ಹಾಗಿಲ್ಲ" ಅಂತ ನಿಮಗೆ ಅನ್ನಿಸಿದರೆ ಆ ಅನಿಸಿಕೆಯನ್ನು ತಳ್ಳಿಹಾಕಬೇಡಿ, ವೈದ್ಯರಿಗೂ ಅದೇ ಮಾತಿನಲ್ಲಿ ಹೇಳಿ.

ಉಳಿದ ಲಕ್ಷಣಗಳು: ತಲೆನೋವು, ತಲೆ ಸುತ್ತು, ಓಕರಿಕೆ, ಕಣ್ಣು ಮಂಜು, ಬೆಳಕು ಸದ್ದು ಸಹಿಸಲು ಆಗದಿರುವುದು, ತಲೆಯೊಳಗೆ ಹತ್ತಿ ತುಂಬಿದಂತೆ ಮಂಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಸುಮ್ಮಸುಮ್ಮನೆ ಅಳು ಅಥವಾ ಕೋಪ, ನಿದ್ದೆ ಜಾಸ್ತಿ ಆಗುವುದು ಅಥವಾ ಬಾರದೇ ಇರುವುದು. ಇವುಗಳಲ್ಲಿ ಒಂದು ಕಂಡರೂ ಕನ್ಕಷನ್ ಅಂತಲೇ ತಿಳಿದು, ಅವತ್ತೇ ವೈದ್ಯರಿಗೆ ತೋರಿಸಿ. ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಕೊಟ್ಟರು ಅಂತ ಪೂರ್ತಿ ನಿಶ್ಚಿಂತೆಯಾಗಿ ಇರಬೇಡಿ. ಲಕ್ಷಣಗಳು ಗಂಟೆಗಟ್ಟಲೆ ತಡವಾಗಿ, ಕೆಲವೊಮ್ಮೆ ಮಾರನೇ ದಿನ ಶುರುವಾಗುತ್ತವೆ.

ಕ್ರಿಕೆಟ್ ನೋಡುವವರಿಗೆ 2019ರ ಆಗಸ್ಟ್‌ನ ಲಾರ್ಡ್ಸ್ ಟೆಸ್ಟ್ ನೆನಪಿರಬಹುದು. ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದು, ಸ್ಮಿತ್ ನೆಲಕ್ಕೆ ಬಿದ್ದ. ಹೊರಗೆ ಹೋಗಿ ಪರೀಕ್ಷೆಗಳಲ್ಲಿ ಪಾಸಾಗಿ, ಮತ್ತೆ ಬ್ಯಾಟ್ ಹಿಡಿದು ಬಂದು 92ಕ್ಕೆ ಔಟಾದ. ಮಾರನೇ ದಿನ ಬೆಳಗ್ಗೆ ತಲೆನೋವು, ಮಂಕು. ಪಂದ್ಯದಿಂದ ಹೊರಗಿಟ್ಟರು. ಅವನ ಬದಲು ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಚರಿತ್ರೆಯ ಮೊದಲ ಕನ್ಕಷನ್ ಬದಲಿ ಆಟಗಾರ. ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಬೌಂಡರಿ ಪಕ್ಕದಲ್ಲೇ ವೈದ್ಯರು ಕೂತಿರುವ ಕಡೆ ಹೀಗೆ ತಡವಾಗಿ ಗೊತ್ತಾಯಿತು ಅಂದರೆ, ನಮ್ಮ ಊರ ಹೊರಗಿನ ಗದ್ದೆಬಯಲಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆಡುವ ಹುಡುಗರ ಕಥೆ ಏನು? ಅಲ್ಲಿಗೆ ಒಂದೇ ನಿಯಮ ಸಾಕು. ಕ್ರಿಕೆಟ್, ಕಬಡ್ಡಿ, ಕುಸ್ತಿ ಏನೇ ಇರಲಿ, ತಲೆಗೆ ಜೋರಾಗಿ ಬಿತ್ತು, ಕನ್ಕಷನ್ ಅನುಮಾನ ಬಂತು ಅಂದರೆ ಅವತ್ತು ಆಟ ಬಂದ್. ಫೈನಲ್ ಆದರೂ ಸರಿ.

ಆಸ್ಪತ್ರೆಯಲ್ಲಿ

ಗುರುತುಗಳು ಗಂಭೀರವಾಗಿದ್ದರೆ ಸಿ.ಟಿ. ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ನಮ್ಮ ಜನರ ಬಾಯಲ್ಲಿ ದೊಡ್ಡಾಸ್ಪತ್ರೆ. ಚಿಕ್ಕ ಕ್ಲಿನಿಕ್‌ನಲ್ಲಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಆಮೇಲೆ ಹೋಗೋಣ ಅಂತ ಹೊತ್ತು ಕಳೆಯಬೇಡಿ.

ಹೇಗೆ ಬಿದ್ದರು ಅನ್ನುವುದನ್ನು ಇದ್ದಹಾಗೆ ಹೇಳಿ. ಬೈಕಿನಿಂದ ಬಿದ್ದವರನ್ನು ಕರೆತಂದು, ಪೊಲೀಸರಿಗೆ ಹೆದರಿ, "ಬಚ್ಚಲಲ್ಲಿ ಜಾರಿಬಿದ್ದ" ಅಂತ ಬರೆಸುವವರು ಎಷ್ಟೋ ಜನ ಇದ್ದಾರೆ. ಬಚ್ಚಲಲ್ಲಿ ಜಾರಿದ ಏಟು ಬೇರೆ, ಓಡುವ ಗಾಡಿಯಿಂದ ಎಗರಿಬಿದ್ದ ಏಟು ಬೇರೆ. ಸ್ಕ್ಯಾನ್ ಬೇಕೋ ಬೇಡವೋ ಅಂತ ವೈದ್ಯರು ತೀರ್ಮಾನ ಮಾಡುವುದೇ ಇಂಥ ವಿವರಗಳ ಮೇಲೆ. ಅಪಘಾತ ಅಂದರೆ ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಬರೆದುಕೊಳ್ಳುತ್ತಾರೆ, ಅದು ಆಸ್ಪತ್ರೆಯ ಕ್ರಮ, ಹೆದರಬೇಕಾದ್ದಿಲ್ಲ. ಏಟು ಬಿದ್ದ ಹೊತ್ತು, ಪ್ರಜ್ಞೆ ಹೋಗಿತ್ತಾ, ಎಷ್ಟು ಸಲ ವಾಂತಿಯಾಯಿತು, ದಿನಾ ಯಾವ ಮಾತ್ರೆ ನುಂಗುತ್ತಾರೆ, ಹಿಂದೆ ಯಾವಾಗಲಾದರೂ ತಲೆಗೆ ಏಟಾಗಿತ್ತಾ ಅನ್ನುವುದನ್ನು ಜೊತೆಯಲ್ಲಿ ಬಂದವರು ಹೇಳಬೇಕು. ಮಾತ್ರೆಯ ಚೀಟಿಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ.

ಎಲ್ಲರಿಗೂ ಸ್ಕ್ಯಾನ್ ಬೇಕಾಗುವುದಿಲ್ಲ. ವೈದ್ಯರು ಪರೀಕ್ಷೆ ಮಾಡಿ ಬೇಡ ಅಂದರೆ ಬಲವಂತ ಮಾಡಬೇಡಿ, ಮಕ್ಕಳಿಗಂತೂ ಕಾರಣ ಇಲ್ಲದೆ ಬೇಡ. ಸ್ಕ್ಯಾನ್ ಮಾಡಿಸಿ "ನಾರ್ಮಲ್" ಅಂತ ಬಂದರೆ ಇಷ್ಟೇ ಅರ್ಥ: ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ. ಕನ್ಕಷನ್ ಸಿ.ಟಿ.ಯಲ್ಲಿ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಆದ ತಪ್ಪು ಇಲ್ಲೇ. ತಮ್ಮನ ಸ್ಕ್ಯಾನ್ ನಾರ್ಮಲ್ ಬಂತು. "ಸದ್ಯ, ಏನೂ ಇಲ್ವಂತೆ" ಅಂತ ಎಲ್ಲರೂ ಉಸಿರುಬಿಟ್ಟೆವು. ಮೂರನೇ ದಿನಕ್ಕೆ ಅವನು ಅಂಗಡಿ ಬಾಗಿಲು ತೆಗೆದು ಕೂತ. ಬೆಳಗಿಂದ ರಾತ್ರಿವರೆಗೆ ಗಿರಾಕಿಗಳು, ಫೋನು, ಚಿಲ್ಲರೆ ಲೆಕ್ಕ. ಹತ್ತು ದಿನದಲ್ಲಿ ಹೋಗಬಹುದಾಗಿದ್ದ ತಲೆನೋವು ಆರು ವಾರ ಎಳೆಯಿತು.

ನಾಲ್ಕನೇ ಹೆಜ್ಜೆ: ಆ ರಾತ್ರಿ

ವೈದ್ಯರು ಮನೆಗೆ ಕಳಿಸಿದರು ಅಂದುಕೊಳ್ಳಿ. ಮೊದಲ 24ರಿಂದ 48 ಗಂಟೆ ಅವರನ್ನು ಒಬ್ಬರನ್ನೇ ಬಿಡಬಾರದು. ರೂಮು ಮಾಡಿಕೊಂಡಿರುವ ಹುಡುಗರು, ಪಿ.ಜಿ.ಯಲ್ಲಿರುವ ಹೆಣ್ಣುಮಕ್ಕಳು ಆ ಎರಡು ದಿನ ಮನೆಗೋ ನೆಂಟರ ಮನೆಗೋ ಹೋಗಲಿ, ಇಲ್ಲವೇ ಗೆಳೆಯರು ಜೊತೆಗೆ ಬಂದಿರಲಿ.

"ತಲೆಗೆ ಏಟು ಬಿದ್ದವರನ್ನು ನಿದ್ದೆ ಮಾಡಲು ಬಿಡಬಾರದು" ಅಂತ ದೊಡ್ಡವರು ಹೇಳುತ್ತಾರೆ. ಈ ಮಾತಿನ ಹಿಂದೆ ಒಂದು ನಿಜವಾದ ಭಯ ಇದೆ. ಕೆಲವರಿಗೆ ತಲೆಬುರುಡೆ ಮತ್ತು ಮೆದುಳಿನ ಪೊರೆಯ ಮಧ್ಯೆ ರಕ್ತ ಸೋರುತ್ತದೆ. ಮೊದಲು ಕೆಲವು ಗಂಟೆ ಚೆನ್ನಾಗಿಯೇ ಇರುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಆಮೇಲೆ ಮಂಪರು ಬಂದು ಮೇಲೇಳುವುದಿಲ್ಲ. ಮನೆಯವರು ನಿದ್ದೆ ಅಂದುಕೊಂಡಿರುತ್ತಾರೆ. ಆದರೆ ಅವರ ಜೀವ ತೆಗೆಯುವುದು ನಿದ್ದೆಯಲ್ಲ, ಸೋರಿದ ರಕ್ತ. ವೈದ್ಯರು ನೋಡಿ ಸರಿ ಅಂದಿದ್ದರೆ, ಮಾತು ನಡಿಗೆ ಎಲ್ಲ ಸಹಜವಾಗಿದ್ದರೆ, ಮಲಗಲಿ. ಮೆದುಳಿಗೆ ನಿದ್ದೆ ಬೇಕು. ವೈದ್ಯರು ಹೇಳಿದ್ದರೆ ರಾತ್ರಿ ಒಂದೆರಡು ಸಲ ಎಬ್ಬಿಸಿ. ಎಬ್ಬಿಸುವುದು ಅಂದರೆ ಮೈ ಮುಟ್ಟಿ "ಹೂಂ" ಅನ್ನಿಸಿಕೊಳ್ಳುವುದಲ್ಲ. ಕಣ್ಣು ಬಿಟ್ಟು ತನ್ನ ಹೆಸರು, ನೀವು ಯಾರು, ಎಲ್ಲಿ ಮಲಗಿದ್ದೇನೆ ಅಂತ ಹೇಳಬೇಕು. ಒಂದು ಲೋಟ ನೀರು ಕೈಯಲ್ಲಿ ಹಿಡಿದು ಕುಡಿದರೆ ಕೈಯ ಬಲವೂ ಗೊತ್ತಾಗುತ್ತದೆ. ಅವ್ವ ಆ ರಾತ್ರಿ ತಮ್ಮನ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು. ಬೆಳಗಿನ ಜಾವ ಎಬ್ಬಿಸಿದಾಗ, "ಅವ್ವ, ನೀನ್ಯಾಕೆ ಕೆಳಗ್ ಮಲ್ಗಿದ್ದೀಯೆ?" ಅಂದನಂತೆ. ಅಷ್ಟು ಕೇಳಿದ ಮೇಲೆಯೇ ಅವಳು ಕಣ್ಣು ಮುಚ್ಚಿದ್ದು.

ತಲೆನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ದೊಡ್ಡವರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂ, ಮತ್ತೊಂದು ಮಾತ್ರೆಗೆ ಕನಿಷ್ಠ ಆರು ಗಂಟೆ ಬಿಡಿ. ಮಕ್ಕಳಿಗೆ ತೂಕದ ಮೇಲೆ ಡೋಸ್, ವೈದ್ಯರನ್ನೇ ಕೇಳಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್ ಇರುವ ಮಾತ್ರೆಗಳನ್ನು ವೈದ್ಯರು ಹೇಳದೆ ಕೊಡಬೇಡಿ, ರಕ್ತ ಸೋರುವ ಅಪಾಯ ಜಾಸ್ತಿ. ಮೆಡಿಕಲ್ ಸ್ಟೋರ್‌ನಲ್ಲಿ "ನೋವಿನ ಮಾತ್ರೆ ಕೊಡಿ" ಅಂದರೆ ಇವೇ ಕೈಗೆ ಬರಬಹುದು, ಹೆಸರು ಹೇಳಿಯೇ ತೆಗೆದುಕೊಳ್ಳಿ. ನಿದ್ದೆ ಮಾತ್ರೆ ಬೇಡ, ಹೆಂಡ ಖಂಡಿತ ಬೇಡ. ಮೊದಲಿಂದಲೂ ಹೃದಯಕ್ಕೆ ಅಂತ ಮಾತ್ರೆ ನುಂಗುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿಕೊಂಡೇ ತೀರ್ಮಾನಿಸಿ.

ಐದನೇ ಹೆಜ್ಜೆ: ಮೊದಲ ಎರಡು ದಿನ

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಬೇಕು ಅಂತ ಮೊದಲು ಹೇಳುತ್ತಿದ್ದರು. ಈಗ ಆ ಸಲಹೆ ಬದಲಾಗಿದೆ. ಆಟಗಾರರ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು ಹೇಳಿದ್ದು ಇದು: ಒಂದೆರಡು ದಿನ ಆರಾಮಾಗಿರಲಿ, ಆದರೆ ಮನೆಯೊಳಗೆ ಹೊರಗೆ ನಿಧಾನವಾಗಿ ಓಡಾಡಲಿ, ಅದರಿಂದ ಬೇಗ ಚೇತರಿಸಿಕೊಳ್ಳುತ್ತಾರೆ. ಅಂಗಳದಲ್ಲಿ ನಾಲ್ಕು ಹೆಜ್ಜೆ, ಬಟ್ಟೆ ಮಡಿಸುವುದು, ಸೊಪ್ಪು ಬಿಡಿಸುವುದು, ಇಂಥವು ಸಾಕು. ಮೊದಲ 48 ಗಂಟೆ ಮೊಬೈಲ್, ಟಿ.ವಿ. ಆದಷ್ಟು ಕಡಿಮೆ. ಹುಡುಗರಿಗೆ ರೀಲ್ಸ್ ಬಿಡಿಸುವುದೇ ಕಷ್ಟ, ನನಗೆ ಗೊತ್ತು. ಫೋನನ್ನು ಬೇರೆ ಕೋಣೆಯಲ್ಲಿಡಿ.

ನೋಡಲು ಬರುವ ನೆಂಟರದ್ದು ಇನ್ನೊಂದು ಸಮಸ್ಯೆ. ಬ್ರೆಡ್ಡು, ಸೇಬು, ಎಳನೀರು ಹಿಡಿದುಕೊಂಡು ಪ್ರೀತಿಯಿಂದಲೇ ಬರುತ್ತಾರೆ. ಪ್ರತಿಯೊಬ್ಬರೂ "ಹೆಂಗ್ ಬಿದ್ದೆ?" ಅಂತ ಕೇಳುತ್ತಾರೆ, ಏಟು ತಿಂದವರು ಪ್ರತಿ ಸಲವೂ ಇಡೀ ಕಥೆ ಹೇಳಬೇಕು. ನಮ್ಮ ಮನೆಯಲ್ಲಿ ಎರಡನೇ ದಿನ ಸಂಜೆ ಹೊತ್ತಿಗೆ ತಮ್ಮ ತಲೆ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ. ಬಾಗಿಲಲ್ಲೇ ಒಬ್ಬರು ಕೂತು, ಬಂದವರನ್ನು ಅಲ್ಲೇ ಮಾತಾಡಿಸಿ ಕಳಿಸುವುದು ಒಳ್ಳೆಯದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ದಿನಗಳಲ್ಲಿ ಬೈಕ್, ಕಾರು, ಟ್ರ್ಯಾಕ್ಟರ್ ಓಡಿಸಬಾರದು. ಮರ ಹತ್ತುವುದು, ಕಬ್ಬು ಅರೆಯುವ ಗಾಣದ ಮುಂದೆ ನಿಲ್ಲುವುದು, ನಾಲೆಯಲ್ಲಿ ಈಜುವುದು ಬೇಡ. ತಲೆ ಸುತ್ತು ಹೇಳಿಕೇಳಿ ಬರುವುದಿಲ್ಲ.

ಮತ್ತೆ ಕೆಲಸಕ್ಕೆ, ಶಾಲೆಗೆ, ಮೈದಾನಕ್ಕೆ

ಎರಡು ದಿನ ಕಳೆದ ಮೇಲೆ ಮೆಟ್ಟಿಲು ಹತ್ತಿದ ಹಾಗೆ ಮುಂದೆ ಹೋಗಬೇಕು. ಏನಾದರೂ ಮಾಡುವಾಗ ತಲೆನೋವು ಒಂದು ಚೂರು ಜಾಸ್ತಿಯಾಗಿ ಸ್ವಲ್ಪ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಜೋರಾದರೆ ಅಲ್ಲಿಗೆ ನಿಲ್ಲಿಸಿ, ಮಾರನೇ ದಿನ ಒಂದು ಮೆಟ್ಟಿಲು ಕೆಳಗಿಂದ ಶುರುಮಾಡಿ. ದೊಡ್ಡವರಲ್ಲಿ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಸರಿಹೋಗುತ್ತದೆ. ಮಕ್ಕಳಿಗೆ ನಾಲ್ಕು ವಾರದವರೆಗೂ ಬೇಕಾಗಬಹುದು. ಅದಕ್ಕೂ ಮೀರಿದರೆ ಮತ್ತೆ ವೈದ್ಯರ ಹತ್ತಿರ ಹೋಗಿ, ತಲೆ ಸುತ್ತಿಗೆ, ಕುತ್ತಿಗೆ ನೋವಿಗೆ, ನಿದ್ದೆಗೆ ಬೇರೆ ಬೇರೆ ಚಿಕಿತ್ಸೆ ಇದೆ.

ಮಕ್ಕಳ ವಿಷಯದಲ್ಲಿ ಮೊದಲು ಪಾಠ, ಆಮೇಲೆ ಆಟ. ಮನೆಯಲ್ಲಿ 10–15 ನಿಮಿಷ ಓದಿ ತಲೆನೋವಿಲ್ಲದಿದ್ದರೆ ಅರ್ಧ ದಿನ ಶಾಲೆಗೆ ಹೋಗಲಿ. ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕಳಿಸಿ: ತಲೆಗೆ ಏಟಾಗಿದೆ, ಸುಸ್ತಾದರೆ ತಲೆ ಒರಗಿಸಲು ಬಿಡಿ, ಟೆಸ್ಟ್ ಇದ್ದರೆ ಮುಂದೆ ಹಾಕಿ, ಪಿ.ಟಿ. ಪೀರಿಯಡ್‌ನಲ್ಲಿ ಆಡಿಸಬೇಡಿ. ಕೈಗೆ ಪಟ್ಟಿ ಕಟ್ಟಿದ್ದರೆ ಎಲ್ಲರಿಗೂ ಕಾಣುತ್ತದೆ. ಇದು ಕಾಣದ ಏಟು. "ನಾಟಕ ಮಾಡ್ತಾನೆ", "ಓದೋಕೆ ಸೋಮಾರಿ" ಅನ್ನುವ ಮಾತು ಆ ಮಗುವಿಗೆ ಬಹಳ ನೋವು ಕೊಡುತ್ತದೆ. ಎಸ್ಸೆಸ್ಸೆಲ್ಸಿ ವರ್ಷ ಆದರೂ ಇಷ್ಟು ದಿನ ಕೊಡಿ.

ಆಟಕ್ಕೆ ಮರಳುವುದಕ್ಕೆ ಆರು ಮೆಟ್ಟಿಲು. ದಿನನಿತ್ಯದ ಓಡಾಟ, ನಡಿಗೆ ಅಥವಾ ಸೈಕಲ್, ಒಬ್ಬರೇ ಓಡುವುದು, ಯಾರಿಗೂ ಡಿಕ್ಕಿಯಾಗದಂಥ ಅಭ್ಯಾಸ, ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದಕ್ಕೂ ಕನಿಷ್ಠ ಒಂದು ದಿನ. ಡಿಕ್ಕಿಯಾಗುವ ಭಯ ಇರುವ ಯಾವುದನ್ನೇ ಶುರುಮಾಡುವ ಮೊದಲು ಲಕ್ಷಣಗಳೆಲ್ಲ ಹೋಗಿರಬೇಕು, ವೈದ್ಯರೂ ಒಪ್ಪಿರಬೇಕು. ಮೊದಲ ಏಟು ವಾಸಿಯಾಗುವ ಮುಂಚೆ ಎರಡನೇ ಏಟು ಬಿದ್ದರೆ, ಅಪರೂಪಕ್ಕೆ, ಮೆದುಳು ಒಮ್ಮೆಲೇ ಊದಿಕೊಂಡು ಜೀವಕ್ಕೇ ಅಪಾಯ. ಹದಿಹರೆಯದವರಲ್ಲಿ ಈ ಭಯ ಜಾಸ್ತಿ.

ಹೆಲ್ಮೆಟ್ ಬಗ್ಗೆ ಇಷ್ಟು ಹೇಳುತ್ತೇನೆ. ಅದು ಕನ್ಕಷನ್ನನ್ನು ಪೂರ್ತಿ ತಡೆಯುವುದಿಲ್ಲ, ಬುರುಡೆ ಒಡೆಯುವಂಥ ದೊಡ್ಡ ಏಟಿನಿಂದ ಉಳಿಸುತ್ತದೆ. ಐ.ಎಸ್.ಐ. ಗುರುತು, ಐ.ಎಸ್. 4151 ಅನ್ನುವ ಸಂಖ್ಯೆ ಇರುವುದನ್ನೇ ಕೊಳ್ಳಿ. ಪಟ್ಟಿ ಕಟ್ಟಿ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಿ, ಒಳಗಿನ ಥರ್ಮಾಕೋಲ್ ಒಂದೇ ಏಟಿಗೆ ಅಮುಕಿಹೋಗಿರುತ್ತದೆ.

ವಯಸ್ಸಾದವರು ಬಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಲೆಕ್ಕ ಗಂಟೆಗಳಲ್ಲಿ ಅಲ್ಲ, ವಾರಗಳಲ್ಲಿ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದಂತಾಗಿರುತ್ತವೆ. ಬಚ್ಚಲಲ್ಲಿ ಕಾಲು ಜಾರಿ ಗೋಡೆಗೆ ತಲೆ ತಾಗಿದಷ್ಟಕ್ಕೇ ಅವು ಕಿತ್ತು, ರಕ್ತ ಹನಿಹನಿಯಾಗಿ ಸೇರುತ್ತಾ ಹೋಗಬಹುದು. ಒಳಗೆ ಜಾಗ ಇರುವುದರಿಂದ ಅವತ್ತೇನೂ ಗೊತ್ತಾಗುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಅಜ್ಜಿ ಮಾತು ಮರೆಯುತ್ತಾಳೆ, ಒಂದು ಕಾಲು ಎಳೆದು ನಡೆಯುತ್ತಾಳೆ, ಹಗಲೆಲ್ಲ ತೂಕಡಿಸುತ್ತಾಳೆ, ಸೀರೆಯಲ್ಲೇ ಮೂತ್ರ ಹೋಗುತ್ತದೆ. ಮನೆಯವರು "ವಯಸ್ಸಾಯ್ತು, ಅರಳುಮರಳು" ಅಂದುಕೊಳ್ಳುತ್ತಾರೆ. ಬಿದ್ದಿದ್ದು ಯಾರಿಗೂ ನೆನಪಿರುವುದಿಲ್ಲ. ಎಷ್ಟೋ ಸಲ ಅಜ್ಜಿಯೇ ಹೇಳಿರುವುದಿಲ್ಲ, ಸೊಸೆಗೆ ಯಾಕೆ ತೊಂದರೆ ಅಂತ.

ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಕೆಲವೇ ದಿನಗಳಲ್ಲಿ ಬದಲಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಬಗ್ಗೆ ಕೇಳಿ. ರಕ್ತ ಕಟ್ಟಿದ್ದರೆ ಬುರುಡೆಯಲ್ಲಿ ಸಣ್ಣ ತೂತು ಮಾಡಿ ತೆಗೆಯುತ್ತಾರೆ, ಬಹಳ ಜನ ಮೊದಲಿನಂತೆ ಆಗುತ್ತಾರೆ. ನಮ್ಮ ಮನೆಯಲ್ಲಿ ಈಗ ಒಂದು ಅಭ್ಯಾಸ ಇದೆ. ಅವ್ವನಿಗೂ 70 ಹತ್ತಿರವಾಯಿತು. ಎಲ್ಲಾದರೂ ಎಡವಿದರೆ, ತಲೆ ತಾಗಿದರೆ, ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಿಂದ ಒಂದು ಸುತ್ತು ಹಾಕಿ, ಅಲ್ಲಿಂದ ಆರು ವಾರಕ್ಕೆ ಇನ್ನೊಂದು ಸುತ್ತು ಹಾಕುತ್ತೇವೆ. ಆ ಎರಡು ಸುತ್ತಿನ ನಡುವೆ ಮನೆಯಲ್ಲಿ ಎಲ್ಲರ ಒಂದು ಕಣ್ಣು ಅವಳ ನಡಿಗೆ ಮೇಲೆ ಇರುತ್ತದೆ.